ಮಸೀದಿಯಂಗಳದ ಡೇರೆ

(ಜುಮಾ ಪ್ರವಚನದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಅವರ ಅನುಚರರ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ. ಸಹೋದರರೇ, ಮೇಲಿನ ಅಂತಸ್ತಿನಲ್ಲಿ ಕುಳಿತು ಕೇಳುತ್ತಿರುವ ಸಹೋದರಿಯರೇ, ಅಲ್ಲಾಹನ ಭಯಭಕ್ತಿಯೊಂದಿಗೆ ಬದುಕಬೇಕೆಂದು ಮೊದಲು ನಮ್ಮ ಮನಸ್ಸಿಗೂ ಅನಂತರ ನಿಮಗೂ ಉಪದೇಶಿಸುತ್ತೇವೆ.

ಅಮಲಿನ ವಿಷಯ ಈ ಮಿಂಬರಿನಲ್ಲಿ ಹೊಸದಲ್ಲ. ಗಾಂಜಾ, ಎಂಡಿಎಂಎ, ಕುಡಿತ ಎಂದು ನಾವು ಪ್ರತಿ ವರ್ಷ ಎರಡು ಮೂರು ಜುಮಾಗಳಲ್ಲಾದರೂ ಹೇಳಿದ್ದೇವೆ. ಆದರೆ ಹೇಳುವಾಗಲೆಲ್ಲ ನಮ್ಮ ಕಣ್ಣು ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತ ಹುಡುಗರ ಮೇಲಿರುತ್ತಿತ್ತು. ಇಂದು ಹೇಳುವುದು ಮೇಲಿನ ಅಂತಸ್ತಿನ ಕುರಿತು. ಮೂರು ಶುಕ್ರವಾರಗಳಿಂದ ಇದನ್ನು ಬರೆದಿಟ್ಟುಕೊಂಡು, ಮಿಂಬರ್ ಹತ್ತಿದ ಮೇಲೆ ಬೇರೇನೋ ಹೇಳಿ ಇಳಿದಿದ್ದೇವೆ. ಕಮಿಟಿಯ ಹಿರಿಯರೊಬ್ಬರು, "ಉಸ್ತಾದರೇ, ನಮ್ಮ ಹೆಣ್ಣುಮಕ್ಕಳಲ್ಲಿ ಅದೆಲ್ಲ ಎಲ್ಲಿದೆ? ಸುಮ್ಮನೆ ಹೆಸರು ಕೆಡಿಸಬೇಡಿ" ಎಂದರು. ಅವರನ್ನು ದೂರುವುದಿಲ್ಲ. ಎರಡು ವರ್ಷದ ಹಿಂದೆ ನಾವೂ ಹಾಗೆಯೇ ತಿಳಿದಿದ್ದೆವು.

ಆಗ ನಡೆದುದನ್ನು ಹೇಳುತ್ತೇವೆ. ಆ ಸಹೋದರಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತಿದ್ದೇವೆ. ಒಂದು ಅಸರ್ ನಮಾಝಿನ ಬಳಿಕ ಮದ್ರಸದ ಕಿಟಕಿಯ ಹೊರಗೆ ಒಬ್ಬ ಹೆಣ್ಣುಮಗಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ಗಂಡ ಗಲ್ಫಿನಲ್ಲಿ. ನಿದ್ದೆ ಬರುತ್ತಿಲ್ಲ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಒಂದು ದುವಾ ಮಾಡಿ ನೀರು ಊದಿ ಕೊಡಿ ಎಂದರು. ಅವರ ಕೈಯಲ್ಲಿ ಒಂದು ಮಾತ್ರೆಯ ಪಟ್ಟಿ ಇತ್ತು. ಅದನ್ನು ಅರ್ಧ ತೆರೆದ ಮುಷ್ಟಿಯಲ್ಲಿ ನಮಗೆ ಕಾಣುವಂತೆ ಹಿಡಿದಿದ್ದರು. ಕಂಡೆವು. ಕೇಳಲಿಲ್ಲ. ಊದಿದ ನೀರು ಕೊಟ್ಟೆವು, ಮಲಗುವ ಮುನ್ನ ಓದಬೇಕಾದ ದ್ಸಿಕ್ರ್‌ಗಳನ್ನು ಹೇಳಿದೆವು, ಸಬರ್ ಮಾಡಿ ಎಂದೆವು. ಅವರು ಸಲಾಂ ಹೇಳಿ ಹೋದರು.

ಅವರ ಉಮ್ಮ ತೀರಿಹೋದ ದುಃಖದಲ್ಲಿ ನಿದ್ದೆ ಕೆಟ್ಟಾಗ ಡಾಕ್ಟರೊಬ್ಬರು ಎರಡು ವಾರಕ್ಕೆಂದು ಬರೆದುಕೊಟ್ಟ ನಿದ್ದೆ ಮಾತ್ರೆ ಅದು. ಎರಡು ವಾರ ಎರಡು ವರ್ಷವಾಗಿತ್ತು. ಒಂದು ಮಾತ್ರೆ ನಾಲ್ಕಾಗಿತ್ತು. ಚೀಟಿ ಇಲ್ಲದೆ ಕೊಡುವ ಮೆಡಿಕಲ್ ಶಾಪ್ ಒಂದು ಸಿಕ್ಕಿತ್ತು. ನಮ್ಮಲ್ಲಿಗೆ ಬಂದು ಹೋದ ವಾರದಲ್ಲಿ ಮೈದುನನಿಗೆ ವಿಷಯ ತಿಳಿಯಿತು. ಆತ ಕೋಪದಿಂದ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಲೆಗೆ ಹಾಕಿದ. ಮೂರನೆಯ ದಿನ ಆಕೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಮಾತು ನಮಗೆ ಆವರೆಗೂ ಗೊತ್ತಿರಲಿಲ್ಲ: ಹೆಚ್ಚು ದಿನ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ಒಂದೇ ದಿನದಲ್ಲಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಡಾಕ್ಟರ ನಿಗಾದಲ್ಲಿ, ಸ್ವಲ್ಪ ಸ್ವಲ್ಪವಾಗಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸಬೇಕು. ಬಹಳ ಕಾಲದ ಕುಡಿತವೂ ಅಷ್ಟೇ. ಏಕಾಏಕಿ ಬಿಡಿಸಿ ಕೋಣೆಯಲ್ಲಿ ಕೂಡಿಹಾಕಿದರೆ ಫಿಟ್ಸ್, ಭ್ರಮೆ, ಸಾವು ಕೂಡ ಬರಬಹುದು.

ಮನೆಯಲ್ಲಿ ತಲಾಖಿನ ಮಾತು ಬಂತು. ಗಲ್ಫಿನಿಂದ ಫೋನುಗಳು ಬಂದವು. ಮಗುವನ್ನು ಗಂಡನ ತಾಯಿಯ ಬಳಿ ಬಿಟ್ಟು ತವರಿಗೆ ಹೋಗಲಿ ಎಂಬ ತೀರ್ಮಾನವೂ ಆಯಿತು. ಇದೇ ವರ್ಷ, ಇದೇ ಮಹಲ್ಲಾದಲ್ಲಿ, ಗಾಂಜಾಕ್ಕೆ ಬಿದ್ದ ಒಬ್ಬ ಹುಡುಗನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಲು ಕಮಿಟಿಯೇ ಹಣ ಒಟ್ಟುಮಾಡಿತ್ತು. ಬಂದ ಮೇಲೆ ಜವಾಬ್ದಾರಿ ಬರಲಿ ಎಂದು ನಿಕಾಹ್ ಮಾಡಿಸಿತು. ಆ ನಿಕಾಹ್ ಓದಿದ್ದು ನಾವೇ, ಬಿರಿಯಾನಿ ಉಂಡದ್ದೂ ನಾವೇ. ಹುಡುಗನಿಗೆ ಮಾಡಿದ್ದು ತಪ್ಪಲ್ಲ. ಅವನಿಗೆ ಮದುವೆ, ಅವಳಿಗೆ ತಲಾಖ್ ಎಂಬ ಲೆಕ್ಕ ಎಲ್ಲಿಂದ ಬಂತು? ಕುರ್‌ಆನ್ ಮದ್ಯವನ್ನು ನಿಷೇಧಿಸುವಾಗ ಗಂಡಿಗೊಂದು ಹೆಣ್ಣಿಗೊಂದು ಆಯತ್ ಇಳಿಯಲಿಲ್ಲ. ಹಾಗಾದರೆ ತೌಬಾದ ಬಾಗಿಲು ಮಾತ್ರ ಅವನಿಗೆ ಅಗಲ, ಅವಳಿಗೆ ಕಿರಿದು ಮಾಡಿದ್ದು ಯಾರು?

ಈಗ ಆಕೆಗೆ ಚಿಕಿತ್ಸೆ ಹುಡುಕುತ್ತಾ ನಾವು ಕಲಿತದ್ದನ್ನು ಕೇಳಿ. ಹತ್ತಿರದ ಕೇಂದ್ರಕ್ಕೆ ಫೋನ್ ಮಾಡಿದೆವು. "ಹೆಂಗಸರಿಗೆ ಇಲ್ಲಿ ವ್ಯವಸ್ಥೆ ಇಲ್ಲ" ಎಂದರು. ಇನ್ನೊಂದು ಕಡೆ, ಸೇರಿಸಿಕೊಳ್ಳುತ್ತೇವೆ, ಮಗುವನ್ನು ತರಬೇಡಿ ಎಂದರು. ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮತ್ತೊಂದರಲ್ಲಿ ರಾತ್ರಿ ಪಾಳಿಯಲ್ಲಿ ಹೆಣ್ಣು ಸಿಬ್ಬಂದಿ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಫೋನ್ ಇಟ್ಟರು. ಕೊನೆಗೆ ಒಂದು ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ, ಮಗುವಿನೊಂದಿಗೆ, ಆಕೆಯ ಚಿಕ್ಕಮ್ಮನನ್ನು ಜೊತೆಗಿಟ್ಟು ದಾಖಲಿಸಿದ್ದಾಯಿತು.

ಯಾಕೆ ಹೀಗೆ? ಕೇಂದ್ರಗಳು ಗಂಡಸರ ಲೆಕ್ಕದಲ್ಲಿ ಕಟ್ಟಿದವು. 2019ರಲ್ಲಿ ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯ ದಿಲ್ಲಿಯ ಏಮ್ಸ್ ಮೂಲಕ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ ಬಂತು. ಅದರ ಪ್ರಕಾರ ಮದ್ಯ ಸೇವಿಸುವವರು ಗಂಡಸರಲ್ಲಿ ಶೇಕಡಾ 27.3, ಹೆಂಗಸರಲ್ಲಿ ಶೇಕಡಾ 1.6. ನೂರಕ್ಕೆ ಇಬ್ಬರೂ ಇಲ್ಲವಲ್ಲ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಆದರೆ ಈ ದೇಶದ ಹೆಂಗಸರ ಸಂಖ್ಯೆಗೆ ಶೇಕಡಾ 1.6 ಎಂದರೆ ಲಕ್ಷಗಳ ಲೆಕ್ಕವಲ್ಲ, ಕೋಟಿಯ ಹತ್ತಿರದ ಲೆಕ್ಕ. ಅದೂ ಬಾಯಿಬಿಟ್ಟು ಹೇಳಿದವರದ್ದು. ಮನೆಗೆ ಬಂದ ಅಪರಿಚಿತರಿಗೆ ತಾನು ಕುಡಿಯುತ್ತೇನೆ ಎಂದು ಯಾವ ಹೆಣ್ಣು ಸುಲಭವಾಗಿ ಹೇಳುತ್ತಾಳೆ?

ನಮ್ಮ ಮನೆಗಳಲ್ಲಿ ಬಾಟಲಿಗಿಂತ ಹೆಚ್ಚಾಗಿ ಇರುವುದು ಬೇರೆ. ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್. ಇವು ಡಾಕ್ಟರ ಚೀಟಿಯಿಂದ ಶುರುವಾಗುತ್ತವೆ, ಹರಾಮ್ ಎಂದು ಯಾರಿಗೂ ಅನಿಸುವುದಿಲ್ಲ, ಬಾಯಿಂದ ವಾಸನೆಯೂ ಬರುವುದಿಲ್ಲ. ಆಲ್ಪ್ರಝೋಲಾಮ್, ಟ್ರಮಡಾಲ್‌ನಂಥವುಗಳನ್ನು ಮಾರುವ ಅಂಗಡಿಯವರು ಚೀಟಿ ನೋಡಿ, ಡಾಕ್ಟರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ನಿಯಮ 2013ರಲ್ಲೇ ಬಂದಿದೆ. ಮೆಡಿಕಲ್ ಶಾಪ್ ನಡೆಸುವ ಸಹೋದರರು ನಮ್ಮ ಜಮಾಅತಿನಲ್ಲೂ ಇದ್ದಾರೆ. ಅವರಿಗೆ ಈ ನಿಯಮ ನಮಗಿಂತ ಚೆನ್ನಾಗಿ ಗೊತ್ತು. ಚೀಟಿ ಇಲ್ಲದೆ ಮಾರಿದ ಪಟ್ಟಿಯ ಲಾಭ ಹಲಾಲ್ ಆಗುತ್ತದೆಯೇ ಎಂದು ಅವರೇ ಮನಸ್ಸನ್ನು ಕೇಳಿಕೊಳ್ಳಲಿ.

ಇನ್ನೊಂದು ಹೊಗೆಸೊಪ್ಪು. 2016-17ರ ತಂಬಾಕು ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಶೇಕಡಾ 14.2 ಮಂದಿ ತಂಬಾಕು ಬಳಸುವವರು. ಅದರಲ್ಲಿ ಹೆಚ್ಚಿನವರು ಸೇದುವವರಲ್ಲ, ಜಗಿಯುವವರು. ನಮ್ಮ ಕರಾವಳಿಯ ಉಮ್ಮಂದಿರ ಎಲೆಅಡಿಕೆ ಡಬ್ಬಿಯನ್ನು ನೆನಪಿಸಿಕೊಳ್ಳಿ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಇಲ್ಲಿ ಎಷ್ಟು ಮಂದಿ! ದಿನವಿಡೀ ಮಡಿಲಲ್ಲಿ ಹೊಗೆಸೊಪ್ಪಿನ ಪುಡಿ, ಅದರ ಧೂಳು ಉಸಿರಿನಲ್ಲಿ, ಅದರದೇ ಒಂದು ಚಿಟಿಕೆ ಬಾಯಲ್ಲಿ. ಅದನ್ನು ಯಾರೂ ವ್ಯಸನ ಎನ್ನಲಿಲ್ಲ, ಬಾಯಿಯ ಹುಣ್ಣು ಮಾಯದೆ ಡಾಕ್ಟರು ಬಯಾಪ್ಸಿ ಬರೆದುಕೊಟ್ಟ ದಿನದವರೆಗೂ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ತೋಟ ಇರುವವರಿಗೆ ಈ ಮಾತು ಕಹಿ ಎಂದು ಗೊತ್ತು, ಆದರೂ ಹೇಳದೆ ಬಿಡುವಂತಿಲ್ಲ.

ಹೆಣ್ಣಿನ ದೇಹ ಮತ್ತು ಬದುಕು ಎರಡೂ ಬೇರೆ, ಆದ್ದರಿಂದ ಚಿಕಿತ್ಸೆಯೂ ಬೇರೆ ಬೇಕು ಎನ್ನುತ್ತಾರೆ ವೈದ್ಯರು. ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ಪ್ರಮಾಣದ ಮದ್ಯ ಅವಳ ರಕ್ತದಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ಯಕೃತ್ತು ಬೇಗ ಕೆಡುತ್ತದೆ. ಗಂಡಸಿಗಿಂತ ತಡವಾಗಿ ಶುರುಮಾಡಿದರೂ ಚಟದ ಹಿಡಿತಕ್ಕೆ ಬೇಗ ಸಿಗುತ್ತಾಳೆ. ಗರ್ಭಿಣಿಯಾದರೆ ಇನ್ನೊಂದು ಜೀವದ ಪ್ರಶ್ನೆ. ಇದಕ್ಕಿಂತ ಮುಖ್ಯವಾದದ್ದು ಕಾರಣ. ಗಂಡುಹುಡುಗ ಹೆಚ್ಚಾಗಿ ಗೆಳೆಯರ ಜೊತೆ, ಮೋಜಿಗೆಂದು ಶುರುಮಾಡುತ್ತಾನೆ. ಹೆಣ್ಣು ಹೆಚ್ಚಾಗಿ ಒಬ್ಬಳೇ, ನೋವು ಮರೆಯಲು. ಹೊಡೆಯುವ ಗಂಡ, ಸತ್ತ ಮಗು, ಬಾಲ್ಯದಲ್ಲಿ ಯಾರೋ ಮಾಡಿದ, ಯಾರಿಗೂ ಹೇಳದ ದೌರ್ಜನ್ಯ. ಅದನ್ನು ಹತ್ತು ಗಂಡಸರ ನಡುವೆ ವೃತ್ತದಲ್ಲಿ ಕೂತು ಹೇಳು ಎಂದರೆ ಅವಳು ಹೇಳುವುದಿಲ್ಲ. ಎರಡನೇ ದಿನ ಮನೆಗೆ ಓಡುತ್ತಾಳೆ.

ಅಮೆರಿಕದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಸಮಾಜಶಾಸ್ತ್ರಜ್ಞೆ ಇದ್ದರು. ಸ್ವತಃ ಕುಡಿತದಿಂದ ನರಳಿದವರು. ಅಲ್ಲಿನ ಪ್ರಸಿದ್ಧ ಕುಡಿತ ಬಿಡಿಸುವ ಕೂಟಗಳಲ್ಲಿ ಮೊದಲು ಕಲಿಸುವುದು, ನಾನು ಶಕ್ತಿಹೀನ, ನನ್ನ ಅಹಂಕಾರ ಮುರಿಯಬೇಕು ಎಂಬುದನ್ನು. ಆಕೆಯ ಆಕ್ಷೇಪ ಸರಳವಾಗಿತ್ತು: ಮೊದಲೇ ಕುಗ್ಗಿಹೋದ ಹೆಣ್ಣಿನಲ್ಲಿ ಮುರಿಯಲು ಅಹಂಕಾರ ಎಲ್ಲಿದೆ? ಅವಳನ್ನು ಎತ್ತಿ ನಿಲ್ಲಿಸಬೇಕು. 1970ರ ದಶಕದಲ್ಲಿ ಆಕೆ ಹೆಂಗಸರಿಗಾಗಿಯೇ ಪ್ರತ್ಯೇಕ ಕೂಟಗಳನ್ನು ಆರಂಭಿಸಿದರು. ನಾವು ಬಿಎಯಲ್ಲಿ ಸಮಾಜಶಾಸ್ತ್ರ ಓದಿದ್ದೇವೆ, ಈ ಹೆಸರು ಆಗ ಕಿವಿಗೆ ಬಿದ್ದಿರಲಿಲ್ಲ. ಓದಿದ್ದರೂ ಪರೀಕ್ಷೆಯಾದ ಮೇಲೆ ಮರೆಯುತ್ತಿದ್ದೆವೋ ಏನೋ. ಟೆಹರಾನಿನ ದಕ್ಷಿಣ ಭಾಗದ ಬಡ ಬೀದಿಯಲ್ಲಿ ಲೈಲಾ ಅರ್ಶದ್ ಎಂಬ ಸಮಾಜ ಕಾರ್ಯಕರ್ತೆ ಮಾದಕ ವ್ಯಸನಕ್ಕೆ ಸಿಕ್ಕ ಹೆಂಗಸರಿಗಾಗಿ ಖಾನೆ ಖುರ್ಷೀದ್, ಅಂದರೆ ಸೂರ್ಯನ ಮನೆ, ಎಂಬ ಆಸರೆಯನ್ನು ನಡೆಸಿದರು. ಊಟ, ಔಷಧ, ಕೂತು ಮಾತಾಡಲು ಒಂದು ಜಾಗ. ಮುಸ್ಲಿಮ್ ದೇಶದಲ್ಲಿ ಇದೆಲ್ಲ ಇಲ್ಲ ಎಂದು ಮುಚ್ಚಿಡದೆ, ಇದೆ ಎಂದು ಒಪ್ಪಿ ಬಾಗಿಲು ತೆರೆದವರು.

ನಮ್ಮ ಪಕ್ಕದ ಚೆನ್ನೈಯನ್ನೇ ನೋಡಿ. ಶಾಂತಿ ರಂಗನಾಥನ್ ಎಂಬವರು ಪತಿಯನ್ನು ಮದ್ಯಕ್ಕೆ ಕಳೆದುಕೊಂಡರು. ಹಣವಂತರ ಮನೆತನ, ಮುಚ್ಚಿಟ್ಟು ಸುಮ್ಮನಿರಬಹುದಿತ್ತು. 1980ರಲ್ಲಿ ಅವರು ವ್ಯಸನ ಚಿಕಿತ್ಸೆಗಾಗಿ ಟಿಟಿಕೆ ಆಸ್ಪತ್ರೆಯನ್ನು ಕಟ್ಟಿದರು. 1992ರಲ್ಲಿ ಪದ್ಮಶ್ರೀ ಬಂತು. ಅಲ್ಲಿನ ಪದ್ಧತಿಯಲ್ಲಿ ನಮಗೆ ಹಿಡಿಸಿದ್ದು, ರೋಗಿಯ ಜೊತೆ ಮನೆಯವರಿಗೂ ಚಿಕಿತ್ಸೆಯಲ್ಲಿ ಪಾಲಿದೆ. ಗಂಡ ದಾಖಲಾದರೆ ಹೆಂಡತಿ ಪಕ್ಕದಲ್ಲಿ ಕೂತು ಕಲಿಯುತ್ತಾಳೆ. ಇಲ್ಲಿ ನಮ್ಮ ಪ್ರಶ್ನೆ: ಹೆಂಡತಿ ದಾಖಲಾದರೆ ಪಕ್ಕದಲ್ಲಿ ಯಾರು ಕೂರುತ್ತಾರೆ? ನಾವು ಆ ಸಹೋದರಿಯನ್ನು ನೋಡಲು ಹೋದ ವಾರ್ಡಿನಲ್ಲಿ ಗಂಡಸರ ಮಂಚದ ಬಳಿಯೆಲ್ಲ ಒಬ್ಬೊಬ್ಬ ಹೆಂಡತಿ, ಒಬ್ಬೊಬ್ಬ ತಾಯಿ. ಹೆಂಗಸರ ಮಂಚದ ಬಳಿ ಒಬ್ಬ ಗಂಡನನ್ನೂ ಕಾಣಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಮಹಿಳೆಯರಿಗೆ ಪ್ರತ್ಯೇಕ ವಾರ್ಡ್ ಇದೆ. ಕಾನೂನೂ ನಿಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಅದರಂತೆ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದ್ದರೆ ಮಾತ್ರ ವಿನಾಯಿತಿ. ರೋಗಿಯ ವಿಷಯ ಗುಟ್ಟಾಗಿರಬೇಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸರಪಳಿ ಹಾಕುವಂತಿಲ್ಲ. ವ್ಯಸನಮುಕ್ತಿ ಕೇಂದ್ರ ಎಂಬ ಬೋರ್ಡು ಹಾಕಿ ಒಳಗೆ ಹೊಡೆಯುವ, ಕೂಡಿಹಾಕುವ ಜಾಗಗಳೂ ಇವೆ. ಆದ್ದರಿಂದ ಸೇರಿಸುವ ಮೊದಲು ನೋಂದಣಿ ಇದೆಯೇ, ಡಾಕ್ಟರು ಬರುತ್ತಾರೆಯೇ, ರಾತ್ರಿ ಹೆಣ್ಣು ಸಿಬ್ಬಂದಿ ಇರುತ್ತಾರೆಯೇ, ಮನೆಯವರು ಭೇಟಿಯಾಗಬಹುದೇ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಜಾಗಕ್ಕೆ ಮಗಳನ್ನು ಕಳಿಸಬೇಡಿ.

ಪ್ರಿಯ ಸಹೋದರರೇ, ಇದೆಲ್ಲ ಆಧುನಿಕ ಮಾತು, ದೀನಿಗೇನು ಸಂಬಂಧ ಎನ್ನಬೇಡಿ. ಹಿಜ್ರಾ ಐದನೇ ವರ್ಷ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರ ತೋಳಿಗೆ ಬಾಣ ತಾಗಿದಾಗ, ಪ್ರವಾದಿ(ಸ) ಅವರನ್ನು ಎಲ್ಲಿ ಮಲಗಿಸಿದರು? ಮಸ್ಜಿದುನ್ನಬವಿಯಲ್ಲಿ ಹಾಕಿದ್ದ ಒಂದು ಡೇರೆಯಲ್ಲಿ. ಅದು ಅಸ್ಲಂ ಗೋತ್ರದ ರುಫೈದಾ(ರ) ಎಂಬ ಮಹಿಳೆಯ ಡೇರೆ, ಆಕೆ ಗಾಯಾಳುಗಳಿಗೆ ಶುಶ್ರೂಷೆ ಮಾಡುತ್ತಿದ್ದರು ಎಂದು ಸೀರಾದ ಗ್ರಂಥಗಳು ಹೇಳುತ್ತವೆ. ಮಸೀದಿಯ ಅಂಗಳದಲ್ಲಿ, ಒಬ್ಬ ಹೆಣ್ಣಿನ ಕೈಯಲ್ಲಿ, ಚಿಕಿತ್ಸೆ.

ಇನ್ನೊಂದು ಡೇರೆಯ ಕಥೆ ಕಡಿಮೆ ಜನಕ್ಕೆ ಗೊತ್ತು. ಆಯಿಶಾ(ರ) ಹೇಳಿದ್ದು, ಬುಖಾರಿಯಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಒಬ್ಬ ಕಪ್ಪು ಹೆಣ್ಣುಮಗಳು ಒಂದು ಗೋತ್ರದೊಂದಿಗೆ ಬದುಕುತ್ತಿದ್ದಳು. ಅವರ ಹುಡುಗಿಯ ಕೆಂಪು ಚರ್ಮದ ಪಟ್ಟಿಯೊಂದನ್ನು ಹದ್ದು ಮಾಂಸವೆಂದು ಭ್ರಮಿಸಿ ಎತ್ತಿಕೊಂಡು ಹೋಯಿತು. ಆರೋಪ ಇವಳ ಮೇಲೆ ಬಂತು. ಗುಪ್ತಾಂಗವನ್ನೂ ಬಿಡದೆ ತಪಾಸಣೆ ಮಾಡಿದರು. ಅಷ್ಟರಲ್ಲಿ ಹದ್ದು ಅದನ್ನು ಅವರ ನಡುವೆಯೇ ಬೀಳಿಸಿತು. ಆಕೆ ಅಲ್ಲಿಂದ ಹೊರಟು ಪ್ರವಾದಿ(ಸ)ರ ಬಳಿಗೆ ಬಂದು ಇಸ್ಲಾಮ್ ಸ್ವೀಕರಿಸಿದಳು. ಅವಳ ಡೇರೆ ಇದ್ದದ್ದೂ ಮಸೀದಿಯಲ್ಲೇ. ಆಯಿಶಾ(ರ)ರ ಬಳಿ ಬಂದು ಕೂತು ಮಾತಾಡುತ್ತಿದ್ದಳು. ಪ್ರತಿ ಸಲ ಆ ದಿನದ ನೆನಪನ್ನೇ ಎತ್ತುತ್ತಿದ್ದಳು. ಎಷ್ಟು ಸಲ ಅದೇ ಮಾತು ಎಂದು ಆಯಿಶಾ(ರ) ಬೈಯಲಿಲ್ಲ, ಏನು ನಡೆಯಿತು ಎಂದು ಕೇಳಿದರು. ಅವಮಾನ ತಿಂದ ಹೆಣ್ಣಿಗೆ ತಂಗಲು ಜಾಗ, ಕೇಳಲು ಕಿವಿ, ಎರಡನ್ನೂ ಮೊದಲ ಮಸೀದಿ ಕೊಟ್ಟಿತು. ನಮ್ಮ ಮಸೀದಿ ಕಿಟಕಿಯಿಂದ ನೀರು ಕೊಟ್ಟು ಕಳಿಸಿತು.

ಜನರು ಕೇಳುವ ಕೆಲವು ಮಸ್ಅಲಾಗಳಿವೆ. ಅಮಲು ಬಿಡಿಸಲು ಡಾಕ್ಟರು ಕೊಡುವ ಕೆಲವು ಔಷಧಗಳಲ್ಲೂ ಅಮಲಿನ ಅಂಶ ಇದೆಯಲ್ಲ, ತೆಗೆದುಕೊಳ್ಳಬಹುದೇ? ಪ್ರವಾದಿ(ಸ) ಚಿಕಿತ್ಸೆ ಪಡೆಯಲು ಆದೇಶಿಸಿದ್ದಾರೆ, ಮುಪ್ಪನ್ನು ಬಿಟ್ಟು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂದು ತಿಳಿಸಿದ್ದಾರೆ. ನಂಬಿಗಸ್ತ ವೈದ್ಯರು, ಬೇರೆ ದಾರಿ ಇಲ್ಲದಾಗ, ಅಳತೆ ಹಾಕಿ ಕೊಡುವುದು ಅನಿವಾರ್ಯತೆಯ ಬಾಬಿಗೆ ಸೇರುತ್ತದೆ ಎಂಬುದು ನಮ್ಮ ತಿಳುವಳಿಕೆ. ಸಂದೇಹವಿದ್ದರೆ ನಿಮ್ಮ ಆಲಿಮರನ್ನು ಕೇಳಿ, ಕೇಳುವ ತನಕ ಮಾತ್ರೆ ನಿಲ್ಲಿಸಬೇಡಿ. ರಮಝಾನಿನಲ್ಲಿ ಚಿಕಿತ್ಸೆಯಲ್ಲಿರುವವರಿಗೆ ರೋಗಿಯ ರಿಯಾಯಿತಿ ಇದೆ, ಉಪವಾಸವನ್ನು ಆಮೇಲೆ ತೀರಿಸಬಹುದು. ಕುಡಿದವರ ನಮಾಝ್ ನಲ್ವತ್ತು ದಿನ ಸ್ವೀಕಾರವಾಗುವುದಿಲ್ಲ ಎಂಬ ಹದೀಸನ್ನು ಕೇಳಿ ಕೆಲವರು ನಮಾಝನ್ನೇ ಬಿಟ್ಟಿದ್ದಾರೆ. ಅದರ ಅರ್ಥ ಪ್ರತಿಫಲದ ನಷ್ಟ, ಕರ್ತವ್ಯ ತಪ್ಪುವುದಿಲ್ಲ ಎಂದು ಇಮಾಮ್ ನವವಿಯಂಥವರು ವಿವರಿಸಿದ್ದಾರೆ. ತೌಬಾ ಮಾಡಿದವರಿಗೆ ಅಲ್ಲಾಹನು ಮರಳುತ್ತಾನೆ ಎಂಬುದು ಅದೇ ಹದೀಸಿನ ಮುಂದಿನ ಭಾಗ. ನಾವು ಬಹಳ ಸಲ ಅರ್ಧದಲ್ಲೇ ನಿಲ್ಲಿಸುತ್ತೇವೆ.

ಬಿಟ್ಟವರು ಮತ್ತೆ ಬೀಳುವುದುಂಟು. ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿದಂತೆ ಇದು. ಆಗ ಮನೆಯವರು, ಎಲ್ಲ ನಾಟಕ ಎನ್ನುತ್ತಾರೆ. ಪ್ರವಾದಿ(ಸ)ರ ಕಾಲದಲ್ಲಿ ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೆ ಒಳಗಾದ ಒಬ್ಬ ವ್ಯಕ್ತಿ ಇದ್ದರು. ಎಷ್ಟು ಸಲ ತರುವುದು ಇವನನ್ನು ಎಂದು ಒಬ್ಬರು ಶಪಿಸಿದಾಗ ಪ್ರವಾದಿ(ಸ) ತಡೆದರು. ಅವನು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂದು ಅವನ ಪರವಾಗಿ ಸಾಕ್ಷಿ ನುಡಿದರು. ತಪ್ಪನ್ನು ತಪ್ಪಲ್ಲ ಎನ್ನಲಿಲ್ಲ, ಶಿಕ್ಷೆಯೂ ಆಯಿತು. ಆದರೆ ಜಮಾಅತಿನಿಂದ ಹೊರಗೆ ಹಾಕಲಿಲ್ಲ.

ಆ ಸಹೋದರಿ ಈಗ ಗುಣಮುಖರು. ಮಾತ್ರೆ ಪೂರ್ತಿ ನಿಲ್ಲಲು ಏಳು ತಿಂಗಳು ಹಿಡಿಯಿತು, ನಡುವೆ ಒಮ್ಮೆ ಜಾರಿದ್ದೂ ಉಂಟು. ಗಂಡ ರಜೆ ಹಾಕಿ ಬಂದು ಡಾಕ್ಟರ ಎದುರು ಕೂತ ದಿನದಿಂದ ಚೇತರಿಕೆ ಬೇಗವಾಯಿತು ಎಂದು ಚಿಕ್ಕಮ್ಮ ಹೇಳುತ್ತಾರೆ. ಇದನ್ನು ಪ್ರವಚನದಲ್ಲಿ ಹೇಳಬಹುದೇ ಎಂದು ನಾವು ಕೇಳಿ ಕಳಿಸಿದಾಗ ಆಕೆಯ ಉತ್ತರ ಬಂತು: "ಹೇಳಿ ಉಸ್ತಾದರೇ. ಮಾತ್ರೆಯ ಹೆಸರು ಕೇಳದೆ ನೀರು ಊದಿ ಕೊಟ್ಟದ್ದನ್ನೂ ಹೇಳಿ." ಹೇಳಿದ್ದೇವೆ.

ಈ ವಾರ ಕಮಿಟಿ ಮೂರು ವಿಷಯ ಒಪ್ಪಿದೆ. ಶನಿವಾರ ಮತ್ತು ಮಂಗಳವಾರ ಲುಹರ್ ಬಳಿಕ ಮದ್ರಸದ ಹಿಂದಿನ ಕೋಣೆಯಲ್ಲಿ ನಮ್ಮ ಮುಅಲ್ಲಿಮಾ ಹಾಗೂ ನಿವೃತ್ತ ನರ್ಸ್ ಸಹೋದರಿಯೊಬ್ಬರು ಕೂತಿರುತ್ತಾರೆ. ಬಾಗಿಲು ಓಣಿಯ ಕಡೆಯಿಂದ, ಮಸೀದಿಯ ಎದುರಿನಿಂದ ಹಾದು ಬರಬೇಕಾಗಿಲ್ಲ. ಹೆಸರು ಬರೆಯುವುದಿಲ್ಲ, ಮಕ್ಕಳನ್ನು ಕರೆತರಬಹುದು. ಎರಡನೆಯದು, ಬಡ ಸಹೋದರಿಯರ ಆಸ್ಪತ್ರೆ ಖರ್ಚು ಮತ್ತು ಜೊತೆಗೆ ಹೋಗುವವರ ಬಸ್ ಚಾರ್ಜನ್ನು ಝಕಾತ್ ನಿಧಿಯಿಂದ ಕೊಡಲಾಗುವುದು. ಮೂರನೆಯದು, ಈ ಕಾರಣಕ್ಕೆ ತಲಾಖಿನ ಮಾತು ಬಂದರೆ ಚಿಕಿತ್ಸೆ ಮುಗಿಯುವ ತನಕ ಜಮಾಅತ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಬರಲು ಸಂಕೋಚವಿದ್ದವರು ಸರಕಾರದ ಉಚಿತ ಸಹಾಯವಾಣಿಗೆ ಮನೆಯಿಂದಲೇ ಫೋನ್ ಮಾಡಬಹುದು. ವ್ಯಸನಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416, ಇದರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಎರಡೂ ನಂಬರನ್ನು ಮೇಲಿನ ಅಂತಸ್ತಿನ ವುಝೂ ಜಾಗದ ಗೋಡೆಗೆ ಅಂಟಿಸಿದ್ದೇವೆ. ಕೋಣೆಯ ಬೀಗದ ಕೈ ಮುಅಲ್ಲಿಮಾರ ಬಳಿ ಇದೆ, ನಮ್ಮ ಬಳಿ ಇಲ್ಲ.